ಕಂಡಕ್ಟರು ಇಳಿದ ಸ್ಟಾಪು

ಕಾವೇರಿ ದಡದ ಆ ಮಠಕ್ಕೆ ಗೋಪುರವಿಲ್ಲ, ಹೆಸರಿನ ಬೋರ್ಡೂ ಇಲ್ಲ. ಒಂದು ಹೊಂಗೆ ಮರ, ಎರಡು ಹೆಂಚಿನ ಕೋಣೆ, ನೀರಿಗಿಳಿಯಲು ಹನ್ನೆರಡು ಮೆಟ್ಟಿಲು. ಅಲ್ಲಿದ್ದವರು ಸಂಗಯ್ಯಸ್ವಾಮಿಗಳು. ಎಂಬತ್ತು ದಾಟಿದ ಮೇಲೆ ತಮ್ಮ ವಯಸ್ಸನ್ನು ಅವರೇ ಮರೆತಿದ್ದರು.

ಅವರ ಶಿಷ್ಯರಲ್ಲಿ ಪುಟ್ಟಮಾದಯ್ಯ ಒಬ್ಬ. ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಪ್ರತಿ ಸೋಮವಾರ ಬಂದು ಹೊಂಗೆಯ ಎಲೆ ಗುಡಿಸುತ್ತಿದ್ದ. ಆಮೇಲೆ ಗುರುಗಳೆದುರು ಕೂತು ಒಂದು ಪ್ರಶ್ನೆ ಕೇಳುತ್ತಿದ್ದ. ಎರಡನೆಯದು ಕೇಳಿದರೆ ಗುರುಗಳು ಪೊರಕೆಯನ್ನು ಮತ್ತೆ ಅವನ ಕೈಗೆ ಕೊಡುತ್ತಿದ್ದರು.

ಒಂದು ಸೋಮವಾರ ಅವನು ಪೊರಕೆ ಮುಟ್ಟಲಿಲ್ಲ. ನೇರ ಬಂದು ನಾಲ್ಕಾಗಿ ಮಡಿಸಿದ ಒಂದು ಕಾಗದವನ್ನು ಗುರುಗಳ ಮುಂದಿಟ್ಟ.

"ಏನಪ್ಪಾ ಇದು, ಕಂಡಕ್ಟ್ರೇ?"

"ಹನ್ನೊಂದು ಜಾಗ ಬುದ್ಧಿ. ಸಾಯೋದ್ರೊಳಗೆ ನೋಡ್ಬೇಕು ಅಂತ ಬರ್ಕೊಂಡಿರೋದು."

ಗುರುಗಳು ಕಾಗದವನ್ನು ದೂರ ಹಿಡಿದು ಓದಿದರು. ಕಾಶಿ. ಹಿಮದ ಬೆಟ್ಟ. ಮರಳುಗಾಡು. ಕಡಲು. ಹೀಗೆ ಹನ್ನೊಂದು, ಒಂದರ ಕೆಳಗೊಂದು.

"ಕಡಲನ್ನೂ ನೋಡಿಲ್ವಾ?"

"ಎಲ್ಲಿ ಬುದ್ಧಿ. ನನ್ನ ರೂಟು ಮೂವತ್ತೆಂಟು ಕಿಲೋಮೀಟರು. ಹೋಗೋದು, ಬರೋದು. ಮತ್ತೆ ಹೋಗೋದು."

"ಸರಿ, ನಿಧಾನಕ್ಕೆ ನೋಡು. ಬೇಡ ಅಂದೋರು ಯಾರು?"

ಪುಟ್ಟಮಾದಯ್ಯ ತಲೆ ತಗ್ಗಿಸಿದ.

"ನಿಧಾನ ಮಾಡೋ ಹಾಗಿಲ್ಲ ಬುದ್ಧಿ. ಬಲಗಣ್ಣು ಹೋಗಿದೆ. ಎಡಗಣ್ಣಿಗೆ ಎದುರುಗಡೆ ಇರೋದಷ್ಟೇ ಕಾಣ್ತದೆ, ಪಕ್ಕದ್ದೆಲ್ಲ ಕತ್ತಲೆ. ಆ ಬೆಳಕೂ ಸುತ್ತಲಿಂದ ಕಿರಿದಾಗ್ತಾ ಬರ್ತದಂತೆ. ಒಂದು ವರ್ಷ, ಹೆಚ್ಚಂದ್ರೆ ಎರಡು ಅಂದ್ರು ಡಾಕ್ಟ್ರು."

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಹೋಗ್ಲಾ ಬುದ್ಧಿ?"

"ಹೋಗಿ ಬಾ. ಒಳ್ಳೇ ಆಸೆ. ನಂಗೂ ಒಂದಿಷ್ಟು ತಗೊಂಡು ಬಾ."

"ಏನು ತರ್ಲಿ? ಗಂಗೆ ನೀರಾ, ರುದ್ರಾಕ್ಷಿನಾ?"

"ಅದನ್ನ ಎಲ್ಲರೂ ತಂದು ಕೊಟ್ಟಿದ್ದಾರೆ. ಗೂಡು ತುಂಬಿದೆ. ನಾನು ಈ ದಡ ಬಿಟ್ಟು ಎಲ್ಲೂ ಹೋದೋನಲ್ಲ. ಒಂದೊಂದು ಊರಲ್ಲಿ ನಿನ್ನ ಕಣ್ಣಿಗೆ ಬಿದ್ದದ್ದು ಒಂದೊಂದು ಬಂದು ಹೇಳು. ಅಷ್ಟು ಸಾಕು."

"ಆಯ್ತು ಬುದ್ಧಿ."

"ನಿಂಗಾಜಮ್ಮ ಬರಲ್ವಾ?"

ಪುಟ್ಟಮಾದಯ್ಯ ಮೊದಲ ಸಲ ನಕ್ಕ. "ಅವಳಿಗೆ ಬಸ್ಸು ಆಗಲ್ಲ ಬುದ್ಧಿ. ಎರಡನೇ ಸ್ಟಾಪಿಗೇ ವಾಂತಿ. ಮದುವೆಯಾಗಿ ನಲವತ್ತೊಂದು ವರ್ಷ, ನನ್ನ ಬಸ್ಸು ಹತ್ತಿದ್ದು ಎರಡೇ ಸಲ."

"ಕಂಡಕ್ಟರ ಹೆಂಡ್ತಿ!" ಎಂದು ಗುರುಗಳೂ ನಕ್ಕರು.

ಇಪ್ಪತ್ತಾರು ದಿನ ಕಳೆದ ಮೇಲೆ ಪುಟ್ಟಮಾದಯ್ಯ ಯಾತ್ರೆಯಿಂದ ಮರಳಿ ಬಂದ. ಮುಖ ಬಿಸಿಲಿಗೆ ಕಪ್ಪಾಗಿತ್ತು. ಅದೇ ಕಾಗದ ತೆಗೆದು ಗುರುಗಳ ಮುಂದೆ ಹರಡಿದ. ಹನ್ನೊಂದು ಹೆಸರುಗಳಲ್ಲಿ ಏಳರ ಪಕ್ಕ ಒಂದೊಂದು ದುಂಡನೆಯ ತೂತು.

"ಇದೇನು, ಇಲಿ ತಿಂತಾ?"

"ಟಿಕೆಟ್ ಪಂಚು ಬುದ್ಧಿ." ಅವನು ಜೇಬಿನಿಂದ ತನ್ನ ಹಳೆಯ ಪಂಚ್ ತೆಗೆದು ತೋರಿಸಿದ. ಹಿಡಿಯ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. "ಒಂದೊಂದು ಊರು ಮುಟ್ಟಿದ ಹಾಗೆ ಒಂದೊಂದು ಹೊಡೆದೆ. ಕೈ ಅಭ್ಯಾಸ."

"ಟಿಕೆಟ್ಟಿಗೆ ತೂತು ಹಾಕೋದು ಯಾವಾಗ? ಜನ ಹತ್ತಿದಾಗ್ಲಾ, ಇಳಿದಾಗ್ಲಾ?"

"ಹತ್ತಿದಾಗ ಬುದ್ಧಿ. ಇಳಿದ ಮೇಲೆ ಅವರ ಟಿಕೆಟ್ ಯಾರು ನೋಡ್ತಾರೆ? ಬಿಸಾಕಿ ಮನೆಗೆ ಹೋಯ್ತಾರೆ."

ಗುರುಗಳು ಗೋಡೆಗೆ ಒರಗಿ ಕಾಲು ಚಾಚಿಕೊಂಡರು. ಕಥೆ ಕೇಳಲು ಕೂತ ಅಜ್ಜನ ಖುಷಿ ಅವರ ಮುಖದಲ್ಲಿತ್ತು.

"ಹೇಳಪ್ಪಾ. ಕಾಶಿ ಹೇಗಿತ್ತು?"

"ನಲವತ್ತೆರಡು ಜನ ಬುದ್ಧಿ."

"ಕಾಶಿಯಲ್ಲಾ?"

"ನಮ್ಮ ಯಾತ್ರೆ ಬಸ್ಸಲ್ಲಿ. ನನಗೂ ಸೀಟು ಕೊಟ್ಟಿದ್ರು. ಕೂರೋಕೆ ಆಗ್ಲಿಲ್ಲ. ಬಸ್ಸು ಹೊರಟಾಗ ನಾನು ಕೂತಿದ್ದು ಯಾವತ್ತು? ಬಾಗಿಲ ಹತ್ರ ನಿಂತ್ಕೊಂಡೆ. ಜನ ಇಳಿದಾಗ ಎಣಿಸ್ದೆ, ಹತ್ತಿದಾಗ ಎಣಿಸ್ದೆ. ಕಾಶಿಯಲ್ಲಿ ಒಂದು ತಲೆ ಕಮ್ಮಿ ಬಂತು."

"ಅಯ್ಯೋ."

"ಹುಣಸೂರು ಕಡೆಯ ಒಬ್ಬ ಅಜ್ಜಿ. ಗಲ್ಲಿ ಗಲ್ಲಿ ಹುಡುಕ್ದೆ. ಕೊನೆಗೆ ಬಳೆ ಅಂಗಡೀಲಿ ಕೈ ಚಾಚ್ಕೊಂಡು ಕೂತಿತ್ತು. ಕರ್ಕೊಂಡು ಬರೋ ಹೊತ್ತಿಗೆ ಬಸ್ಸು ಹೊರಡೋ ಟೈಮು."

"ಗಂಗೆ?"

"ಇತ್ತು ಬುದ್ಧಿ. ಅಜ್ಜಿ ಹಿಂದುಗಡೆ ಇತ್ತು."

ಗುರುಗಳು ತುಟಿ ಬಿಗಿಹಿಡಿದರು. "ಹಿಮದ ಬೆಟ್ಟ?"

"ಬೆಳ್ಳಗಿತ್ತು."

"ಅದು ನಂಗೂ ಗೊತ್ತು."

"ಹದಿನೇಳನೇ ಸೀಟಿನೋರು ಟೀ ಕುಡಿಯೋಕೆ ಹೋದೋರು ಬಂದಿರ್ಲಿಲ್ಲ ಬುದ್ಧಿ. ನಾನು ವಿಷಲ್ ಹೊಡೀತಿದ್ದೆ."

"ವಿಷಲ್ಲೂ ತಗೊಂಡು ಹೋಗಿದ್ಯಾ!"

ಇನ್ನು ತಡೆಯಲಾಗಲಿಲ್ಲ. ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು ನೋಡಿದರೆ ಶಿಷ್ಯನ ಕಣ್ಣಲ್ಲೂ ನೀರಿತ್ತು. ಅದು ನಗುವಿನದ್ದಾಗಿರಲಿಲ್ಲ.

"ನಗಬೇಡಿ ಬುದ್ಧಿ. ಕಣ್ಣು ಹೋಗೋದ್ರೊಳಗೆ ನೋಡ್ಬೇಕು ಅಂತಲೇ ಹೋಗಿದ್ದು. ಏಳು ಊರಿಗೆ ಹೋಗಿ ತಲೆ ಎಣಿಸ್ಕೊಂಡು ಬಂದೆ. ಎಂಥಾ ಮಂಕು ನಾನು."

ಗುರುಗಳ ನಗು ನಿಂತಿತು.

"ಆ ನಲವತ್ತೆರಡು ಜನಾನೂ ಮನೆ ಸೇರಿದ್ರಾ?"

"ಸೇರಿದ್ರು."

"ಆ ಅಜ್ಜಿ?"

"ಸೇರಿದ್ಲು. ಮಗಳು ಬಂದು ಕೈ ಮುಗಿದು ಕರ್ಕೊಂಡು ಹೋದ್ಲು."

"ಹಾಗಾದ್ರೆ ಆ ಮನೆಯೋರೆಲ್ಲ ನಿನ್ನನ್ನ ನೆನೀತಿರ್ತಾರೆ. ಅದಕ್ಕೆ ಅಳಬೇಡ." ಗುರುಗಳು ಕಾಗದವನ್ನು ಅವನ ಕಡೆ ತಳ್ಳಿದರು. "ಆದ್ರೆ ನಂಗೆ ತರ್ತೀನಿ ಅಂದಿದ್ದು ತರ್ಲಿಲ್ಲ."

ಪುಟ್ಟಮಾದಯ್ಯ ಮೂಗು ಒರೆಸಿಕೊಂಡ. "ಇನ್ನು ನಾಲ್ಕು ಊರಿದಾವೆ ಬುದ್ಧಿ. ಈ ಶುಕ್ರವಾರ ಸಂಜೆ ಇನ್ನೊಂದು ಯಾತ್ರೆ ಬಸ್ಸು ಹೊರಡ್ತದೆ. ಸೀಟು ಹಿಡಿದಿಟ್ಟಿದ್ದೀನಿ. ಮೊನ್ನೆ ಡಾಕ್ಟ್ರು ಮತ್ತೆ ನೋಡಿದ್ರು. ಎರಡು ವರ್ಷ ಅನ್ನೋ ಮಾತೇ ಎತ್ತಲಿಲ್ಲ. ಈ ಸಲ ಬಾಗಿಲ ಹತ್ರ ಹೋಗಲ್ಲ, ನಿಮ್ಮಾಣೆ. ಹೋಗ್ಲಾ?"

ಗುರುಗಳು ಅಂಗೈ ಚಾಚಿದರು.

"ಮೊದಲು ನಂಗೊಂದು ಟಿಕೆಟ್ ಕೊಡು."

"ನಿಮಗಾ? ಎಲ್ಲಿಗೆ ಬುದ್ಧಿ?"

"ನಿಂಗಾಜಮ್ಮ ಎಲ್ಲಿಗೆ ಹೋಗ್ಬೇಕು ಅಂತಾಳೋ ಅಲ್ಲಿಗೆ."

ಬಸ್ಸು ಹತ್ತಿದ ಅಪರಿಚಿತರನ್ನೆಲ್ಲ 'ಎಲ್ಲಿಗೆ, ಎಲ್ಲಿಗೆ' ಎಂದು ಮೂವತ್ತನಾಲ್ಕು ವರ್ಷ ಕೇಳಿದವನು ಹೆಂಡತಿಯನ್ನು ಒಮ್ಮೆಯೂ ಕೇಳಿರಲಿಲ್ಲ.

"ಗೊತ್ತಿಲ್ಲ ಬುದ್ಧಿ."

"ಕೇಳ್ಕೊಂಡು ಬಾ."

ಮನೆಯಲ್ಲಿ ನಿಂಗಾಜಮ್ಮ ಮೊರದ ಮುಂದೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಪುಟ್ಟಮಾದಯ್ಯ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ನಿಂಗಾಜಿ, ನಿಂಗೆ ಎಲ್ಲಿಗೆ ಹೋಗ್ಬೇಕು ಅಂತ ಇದೆ?"

"ಎಲ್ಲಿಗೆ ಅಂದ್ರೆ? ಹಿತ್ತಲಿಗೆ ಹೋಗ್ಬೇಕು, ಬಟ್ಟೆ ಒಣಗಿವೆ."

"ಹಾಗಲ್ಲ. ಯಾತ್ರೆ ತರ. ಎಲ್ಲಾದ್ರೂ ನೋಡ್ಬೇಕು ಅಂತ."

"ನಂಗೆ ಬಸ್ಸು ಆಗಲ್ವಲ್ಲ. ಈಗ ಯಾಕೆ ಈ ಮಾತು?"

"ಗುರುಗಳು ಕೇಳಿದ್ರು."

ಗುರುಗಳ ಹೆಸರು ಬಂದಮೇಲೆ ಅವಳು ಸುಮ್ಮನೆ ತಳ್ಳಿಹಾಕಲಿಲ್ಲ. ಒಂದು ದಂಟನ್ನು ಮುರಿದಳು, ಇನ್ನೊಂದನ್ನು ಮುರಿದಳು.

"ಹಾಗಂದ್ರೆ... ಬಿದರಕೊಪ್ಪಲು ಕೆರೆ."

"ಬಿದರಕೊಪ್ಪಲಾ? ನಮ್ಮ ರೂಟಿನ ಬಿದರಕೊಪ್ಪಲಾ? ಅಲ್ಲೇನಿದೆ?"

ನಿಂಗಾಜಮ್ಮ ಗಂಡನ ಮುಖವನ್ನೇ ನೋಡಿದಳು.

"ನೀವೇ ಹೇಳಿದ್ದು. ಮದುವೆಯಾದ ವರ್ಷ. ಬೆಳಗಿನ ಟ್ರಿಪ್ಪಲ್ಲಿ ಅಲ್ಲಿ ಬಸ್ಸು ನಿಂತಾಗ ಕೆರೆ ತುಂಬ ತಾವರೆ ಅರಳಿರ್ತವೆ, ಬಿಸಿಲು ಏರಿ ಮೇಲೆ ಬಂದ ಹಾಗೆ ಒಂದೊಂದೇ ಸಾಲು ಅರಳ್ತಾ ಬರ್ತವೆ ಅಂತ. ಒಂದಿನ ಕರ್ಕೊಂಡು ಹೋಗ್ತೀನಿ ಅಂದಿದ್ರಿ."

"ನಾನಾ?"

"ಇನ್ಯಾರು? ಆಗ ನೀವು ಡ್ಯೂಟಿ ಮುಗಿಸಿ ಬಂದು ಉಣ್ತಾ ಉಣ್ತಾ ಆ ದಾರಿ ಅಷ್ಟೂ ಹೇಳೋರು. ಯಾವ ಮರ ಚಿಗುರಿದೆ, ಯಾರ ಮನೆ ಮುಂದೆ ಚಪ್ಪರ ಹಾಕಿದಾರೆ, ಯಾವ ಅಜ್ಜಿ ಮೇಕೆಮರಿ ಮಡಿಲಲ್ಲಿ ಇಟ್ಕೊಂಡು ಹತ್ತಿದ್ಲು. ನಾನು ಈ ಮೊರದ ಮುಂದೆ ಕೂತೇ ಅಷ್ಟನ್ನೂ ನೋಡ್ದೆ. ಆಮೇಲೆ ಟ್ರಿಪ್ ಜಾಸ್ತಿಯಾದ್ವು. ಸುಸ್ತಾಗಿ ಬಂದು ಮಲಗೋರು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಸೊಪ್ಪು ಬಿಡಿಸುವ ಕೈಯೂ ನಿಂತಿರಲಿಲ್ಲ. ಪುಟ್ಟಮಾದಯ್ಯ ತಾನೂ ಒಂದು ದಂಟು ತೆಗೆದುಕೊಂಡು ಬಿಡಿಸತೊಡಗಿದ. ಇಷ್ಟು ವರ್ಷ ಅವನ ದಾರಿಯನ್ನು ಅವನಿಗಿಂತ ಜೋಪಾನವಾಗಿ ಇಟ್ಟುಕೊಂಡವಳು ಇವಳು.

ಸಂಜೆಯೇ ಮಠಕ್ಕೆ ಹೋಗಿ ಹೇಳಿದ.

"ಬಿದರಕೊಪ್ಪಲು ಕೆರೆ ಬುದ್ಧಿ."

"ದೂರವಾ?"

"ಇಲ್ಲಿಂದ ನಾಲೆ ಏರಿ ಮೇಲೆ ನಡೆದ್ರೆ ಒಂದು ಗಂಟೆ."

"ಬಸ್ಸಲ್ಲಿ ಎಷ್ಟು ಸಲ ಹೋಗಿದ್ದೀಯ?"

"ದಿನಕ್ಕೆ ನಾಲ್ಕು ಸಲ. ಮೂವತ್ತನಾಲ್ಕು ವರ್ಷ."

"ಒಂದು ಸಲ ಇಳಿದಿದ್ದೀಯಾ?"

"ಕಂಡಕ್ಟರು ಎಲ್ಲಿ ಇಳೀತಾನೆ ಬುದ್ಧಿ? ಜನಾನ ಇಳಿಸ್ತಾನೆ, ರೈಟ್ ಅಂತಾನೆ."

"ನಿನ್ನ ಯಾತ್ರೆ ಬಸ್ಸು ಶುಕ್ರವಾರ ಸಂಜೆ ಅಲ್ವಾ? ಶುಕ್ರವಾರ ಬೆಳಿಗ್ಗೆ ಖಾಲಿ ಇದೆ. ಕೆರೆ ನೋಡ್ಕೊಂಡು ಬಂದು ಬಸ್ಸು ಹತ್ತು. ನಾನೂ ಬರ್ತೀನಿ."

"ನೀವು ಈ ದಡ ಬಿಟ್ಟು ಹೋದೋರಲ್ಲ ಅಂದ್ರಿ?"

"ಅದಕ್ಕೇ ಟಿಕೆಟ್ ಕೇಳಿದ್ದು."

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಮೂವರೂ ನಾಲೆಯ ಏರಿ ಹಿಡಿದರು. ಮುಂದೆ ಪುಟ್ಟಮಾದಯ್ಯ, ಕತ್ತಿನಲ್ಲಿ ವಿಷಲ್ಲು. ನಡುವೆ ಕೋಲೂರಿಕೊಂಡು ಗುರುಗಳು. ಹಿಂದೆ ನಿಂಗಾಜಮ್ಮ, ಕೈಯಲ್ಲಿ ರೊಟ್ಟಿಯ ಗಂಟು.

"ಬೇಗ ಬೇಗ ಬನ್ನಿ," ಎಂದ ಪುಟ್ಟಮಾದಯ್ಯ. ನೂರು ಹೆಜ್ಜೆಗೊಮ್ಮೆ ಹಿಂತಿರುಗಿ ತಲೆ ಎಣಿಸಿದ. ಎರಡಿದ್ದವು.

"ಯಾರೂ ಕಳೆದುಹೋಗಿಲ್ಲ ಕಂಡಕ್ಟ್ರೇ," ಎಂದರು ಗುರುಗಳು. "ನಡೀರಿ."

ಕೆರೆ ಬಂತು. ಪುಟ್ಟಮಾದಯ್ಯ ಏರಿಯ ಮೇಲೆ ನಿಂತು ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿದ. ಅರ್ಧ ಕೆರೆಗೆ ಜೊಂಡು ಹಬ್ಬಿತ್ತು. ತಾವರೆ ಉಳಿದಿದ್ದು ಮೂಡಲ ಮೂಲೆಯಲ್ಲಿ ಮಾತ್ರ. ಅವನ ಕಣ್ಣಿಗೆ ಅದೂ ಒಟ್ಟಾಗಿ ಕಾಣಲಿಲ್ಲ. ಒಂದು ತಟ್ಟೆಯಷ್ಟು ನೀರು, ಅದರಲ್ಲಿ ಒಂದು ಹೂವು. ಕತ್ತು ತಿರುಗಿಸಿದರೆ ಇನ್ನೊಂದು ತಟ್ಟೆಯಷ್ಟು ನೀರು.

"ತಡವಾಗಿ ಬಂದೆ ಬುದ್ಧಿ," ಎಂದ. "ಆಗ ಎರಡೂ ಕಣ್ಣಿತ್ತು. ಕೆರೆ ತುಂಬ ಹೂವಿತ್ತು. ಬಾಗಿಲಲ್ಲಿ ನಿಂತು ರೈಟ್ ರೈಟ್ ಅಂತ ಹೊರಟುಬಿಡ್ತಿದ್ದೆ."

ಗುರುಗಳು ಇಳಿದು ನೀರಂಚಿನ ಕಲ್ಲಿನ ಮೇಲೆ ಕೂತು ಕಾಲನ್ನು ನೀರಿಗೆ ಇಳಿಬಿಟ್ಟರು.

ನಿಂಗಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದಳು. ಮೊಣಕಾಲುದ್ದ ನೀರಲ್ಲಿ ನಿಂತಳು. ಅವಳ ಬಾಯಿಂದ ಬಂದಿದ್ದು ಒಂದೇ ಮಾತು.

"ಅಯ್ಯಪ್ಪಾ."

ಪುಟ್ಟಮಾದಯ್ಯ ದನಿ ಬಂದ ಕಡೆ ತಿರುಗಿದ. ಕಣ್ಣಿಗೆ ಉಳಿದಿದ್ದ ಆ ಒಂದಿಷ್ಟು ಬೆಳಕಿನಲ್ಲಿ ಹೆಂಡತಿಯ ಮುಖ ಸರಿಯಾಗಿ ಬಂದು ಕೂತಿತು. ಅರವತ್ತರ ಮೇಲಿನ ಆ ಮುಖ ಮೂಗುತಿಯ ಸಮೇತ ಅರಳಿತ್ತು. ಮದುವೆಯ ವರ್ಷ, ಉಣ್ಣುವಾಗ ತಾನು ದಾರಿಯ ಕಥೆ ಹೇಳುತ್ತಿದ್ದರೆ ಕೇಳುತ್ತ ಕೂತಿರುತ್ತಿದ್ದ ಮುಖ ಇದೇ. ಅವನಿಗೆ ನೆನಪಾಯಿತು.

ಅವನು ಚಪ್ಪಲಿ ಬಿಟ್ಟು ಅವಳ ಪಕ್ಕ ನೀರಿಗಿಳಿದ.

"ಎಷ್ಟಿದಾವೆ?"

"ಎಣಿಸಬೇಡಿ. ಇಲ್ಲಿ ನೋಡಿ, ಎಡಗಡೆ. ಇನ್ನೂ ಎಡಗಡೆ. ಒಂದು ಮೊಗ್ಗು ಬಾಯಿ ಬಿಡ್ತಾ ಇದೆ. ಅದರ ಮೇಲೆ ಏರೋಪ್ಲೇನ್ ಚಿಟ್ಟೆ ಕೂತಿದೆ, ಕೆಂಪಂದು. ಕಾಣ್ತದಾ?"

"ತಡಿ... ಕಾಣ್ತದೆ."

"ಅದರ ಹಿಂದೆ ಎಲೆ ಮೇಲೆ ಒಂದು ಹಕ್ಕಿ ನಡ್ಕೊಂಡು ಹೋಗ್ತಾ ಇದೆ. ನೀರಿನ ಮೇಲೇ ನಡೆದಂಗಿದೆ. ಕಾಲು ಎಷ್ಟುದ್ದ ಅಂತೀರಿ! ಮರಿಗಳೂ ಇದಾವೆ."

"ಕಾಣಲ್ಲ ನಿಂಗಾಜಿ."

"ಬೇಡ ಬಿಡಿ, ನಾ ಹೇಳ್ತೀನಿ. ಮರಿಗಳು ಮೂರು. ಕೊನೇದು ಸ್ವಲ್ಪ ಪೆದ್ದು. ಎಲೆ ಅಂಚಿಗೆ ಹೋಗಿ ಜಾರ್ತದೆ, ಮತ್ತೆ ಹತ್ತುತದೆ."

ಅವಳು ಹೇಳುತ್ತ ಹೋದಳು. ಪುಟ್ಟಮಾದಯ್ಯ ಕೇಳುತ್ತ ನಿಂತ. ಸ್ವಲ್ಪ ಹೊತ್ತಿಗೆ ಅವನು ಕಣ್ಣನ್ನು ಆ ಕಡೆ ಈ ಕಡೆ ಓಡಿಸುವುದನ್ನು ಬಿಟ್ಟ. ಎದುರಿಗಿದ್ದ ಒಂದೇ ಹೂವನ್ನು ನೋಡುತ್ತ, ಉಳಿದ ಕೆರೆಯನ್ನು ಅವಳ ಮಾತಿನಲ್ಲಿ ನೋಡಿದ.

"ನಿಂಗಾಜಿ, ಕಣ್ಣು ಪೂರ್ತಿ ಹೋದ ಮೇಲೂ ಹೀಗೇ ಹೇಳ್ತೀಯಾ?"

"ಇದೇನು ಹೀಗ್ ಕೇಳ್ತೀರಿ? ನೀವು ನಂಗೆ ಹೇಳಿರಲಿಲ್ವಾ?"

ಅವನಿಗೆ ಅಳು ಬಂತು, ನಗುವೂ ಬಂತು. ಕೆರೆಗೆ ಕೈ ಮುಗಿದ. ತಾನು ಹತ್ತಿಸಿ ಇಳಿಸಿದ ಜನಕ್ಕೆ, ಅಷ್ಟು ವರ್ಷ ಕ್ಷೇಮವಾಗಿ ಓಡಿಸಿದ ಡ್ರೈವರುಗಳಿಗೆ, ಇನ್ನೂ ಒಂದಿಷ್ಟು ಬೆಳಕು ಉಳಿಸಿಕೊಂಡಿದ್ದ ಎಡಗಣ್ಣಿಗೆ, ಎಲ್ಲಕ್ಕೂ ಸೇರಿಸಿ ಮುಗಿದ.

ಆಗ ಏರಿಯ ಆಚೆ ರಸ್ತೆಯಲ್ಲಿ ಬಸ್ಸಿನ ಸದ್ದಾಯಿತು. ಎಂಟು ಹತ್ತರ ಟ್ರಿಪ್ಪು. ಅವನದೇ ಹಳೆಯ ರೂಟು.

"ಹೋಲ್ಡಾನ್! ಯಾರ್ರೀ ಬಿದರಕೊಪ್ಪಲು? ಬೇಗ ಇಳೀರಿ!" ಯಾವುದೋ ಎಳೆಯ ಗಂಟಲು. "ರೈಟ್, ರೈಟ್!"

ಪುಟ್ಟಮಾದಯ್ಯನ ಕೈ ತಾನೇ ತಾನಾಗಿ ವಿಷಲ್ಲಿಗೆ ಹೋಯಿತು. ಅಲ್ಲೇ ನಿಂತಿತು. ಬಸ್ಸು ದೂರವಾಯಿತು.

"ಹೊತ್ತಾಯ್ತು," ಎಂದಳು ನಿಂಗಾಜಮ್ಮ. "ಸಂಜೆ ನಿಮ್ಮ ಯಾತ್ರೆ ಬಸ್ಸಿದೆ. ಬಟ್ಟೆ ಜೋಡಿಸ್ಬೇಕು."

"ಆ ಬಸ್ಸು ಹೋಗ್ಲಿ."

"ಇನ್ನೂ ನಾಲ್ಕು ಊರಿದಾವಲ್ಲ? ಅಷ್ಟು ಆಸೆಪಟ್ಟು ಬರ್ಕೊಂಡಿದ್ರಿ!"

"ಆಸೆ ಈಗಲೂ ಇದೆ. ಕಡಲು ನೋಡ್ಲೇಬೇಕು. ರೈಲಲ್ಲಿ ಹೋಗೋಣ, ಇಬ್ಬರೂ. ನಿಂಗೆ ರೈಲು ಆಗ್ತದೋ ಇಲ್ವೋ?"

"ಯಾರಿಗೆ ಗೊತ್ತು? ಹತ್ತೇ ಇಲ್ಲ."

"ಹತ್ತಿ ನೋಡೋಣ. ಆಗದಿದ್ರೆ ಯಾವ ಸ್ಟೇಷನ್ನಲ್ಲಿ ಬೇಕಾದ್ರೂ ಇಳಿಯೋಣ. ಎಲ್ಲಿ ಇಳೀತೀವೋ ಅದನ್ನೇ ನೋಡೋಣ. ನಾನು ಎದುರುಗಡೆದು ನೋಡ್ತೀನಿ, ಪಕ್ಕದ್ದು ನೀ ಹೇಳು."

ನಿಂಗಾಜಮ್ಮ ನೀರಿನಲ್ಲಿ ಮುಖ ತೊಳೆಯುವವಳಂತೆ ಬಗ್ಗಿದಳು. ಬಹಳ ಹೊತ್ತು ತೊಳೆದಳು.

ಬಿಸಿಲು ಏರಿಯಿಂದ ಕೆಳಗಿಳಿಯಿತು. ಗುರುಗಳು ರೊಟ್ಟಿಯ ಗಂಟನ್ನು ಬಿಚ್ಚಿ ಮೂರು ಪಾಲು ಮಾಡಿದರು. ಅವರ ಕಾಲು ಇನ್ನೂ ನೀರಿನಲ್ಲೇ ಇತ್ತು. ಬೆರಳಿನ ಸುತ್ತ ಸಣ್ಣ ಮೀನುಗಳು ಮುತ್ತಿದ್ದವು.

ಪುಟ್ಟಮಾದಯ್ಯ ನೀರಲ್ಲೇ ನಡೆದು ಬಂದು ಅವರ ಪಾದ ಮುಟ್ಟಿ, ಪಕ್ಕದಲ್ಲಿ ಕೂತ.

"ನಿಮಗೆ ತರ್ತೀನಿ ಅಂದಿದ್ದು ಇವತ್ತು ಸಿಕ್ತು ಬುದ್ಧಿ. ಎಲೆ ಮೇಲಿಂದ ಜಾರೋ ಒಂದು ಪೆದ್ದು ಮರಿ."

"ನಾನೂ ನೋಡ್ದೆ," ಎಂದರು ಗುರುಗಳು. "ಚೆನ್ನಾಗಿತ್ತು."

ಅವನು ಜೇಬಿನಿಂದ ಕಾಗದ ತೆಗೆದು ತೊಡೆಯ ಮೇಲೆ ಬಿಡಿಸಿದ. ಹನ್ನೊಂದು ಹೆಸರುಗಳ ಕೆಳಗೆ, ಅಂದಾಜಿನ ಮೇಲೆ, ಸೊಟ್ಟ ಅಕ್ಷರದಲ್ಲಿ ಬಿದರಕೊಪ್ಪಲು ಎಂದು ಬರೆದ. ಆಮೇಲೆ ಪಂಚ್ ತೆಗೆದು ಆ ಹೆಸರಿನ ಪಕ್ಕ ಹಿಡಿದ.

ಗುರುಗಳು ಒದ್ದೆ ಕೈಯಿಂದ ಅವನ ಕೈ ಹಿಡಿದುಕೊಂಡರು.

"ಇಳಿದೋರ ಟಿಕೆಟ್ಟಿಗೆ ತೂತು ಹಾಕೋದುಂಟಾ, ಕಂಡಕ್ಟ್ರೇ?"